ಬೆಳಿಗ್ಗೆ ಒಂದು, ಮಧ್ಯಾಹ್ನ ಅರ್ಧ

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ರಾಶಿ, ಬೆಟ್ಟೆ, ಸರಕು, ಗೊರಬಲು. ಯಾರ ಮಾಲು, ಎಷ್ಟು ಚೀಲ, ಏನು ಧಾರಣೆ, ಇಷ್ಟೇ. ಆದರೆ ಹನ್ನೊಂದು ಗಂಟೆ ಆಯಿತೆಂದರೆ ಪೆನ್ನು ನನ್ನ ಮಾತು ಕೇಳುತ್ತಿರಲಿಲ್ಲ. ‘ಗೊರ’ ಎಂದು ನೆಟ್ಟಗೆ ಶುರುವಾದ ಅಕ್ಷರ ಕೊನೆಗೆ ಬರುವಷ್ಟರಲ್ಲಿ ಗೆರೆಯಾಗಿ ಜಾರಿ, ಪಕ್ಕದ ಕಲಂ ದಾಟಿ, ಪುಟದ ಅಂಚಿಗೆ ಹೋಗಿ ನಿಂತಿರುತ್ತಿತ್ತು. ಒಮ್ಮೆ ಧಾರಣೆಯ ಕಲಮಿನಲ್ಲಿ ‘ಬಸ್ಸು ಬಂತು’ ಎಂದು ಬರೆದಿತ್ತು. ನನ್ನದೇ ಕೈಬರಹ. ಯಾವ ಬಸ್ಸು, ಎಲ್ಲಿಗೆ, ನನಗೆ ಗೊತ್ತಿಲ್ಲ. ರಾತ್ರಿ ಚೆನ್ನಾಗಿ ಮಲಗಿದ್ದರೂ ಹೀಗೆಯೇ. ಸಾಹುಕಾರರು ಒಳ್ಳೆಯವರು, ‘ಏನಪ್ಪಾ, ರಾತ್ರಿ ಕಾವಲಿಗೆ ಹೋಗ್ತೀಯಾ?’ ಎಂದು ನಗಾಡುತ್ತಿದ್ದರು. ಮನೆಯಲ್ಲಿ ಅಪ್ಪ ಅಷ್ಟು ಒಳ್ಳೆಯ ಮಾತು ಬಳಸುತ್ತಿರಲಿಲ್ಲ. ಶಾಲೆಯ ಕಾಲದಿಂದಲೂ ನಾನು ನಿದ್ದೆಬುರುಕ, ಕುಂಭಕರ್ಣ, ಸೋಂಬೇರಿ.

ನಿದ್ದೆಯೊಂದೇ ಆಗಿದ್ದರೆ ಹೇಗೋ ತಳ್ಳಬಹುದಿತ್ತೇನೋ. ನಕ್ಕರೆ ಬೀಳುತ್ತಿದ್ದೆ. ಟೀ ಅಂಗಡಿಯಲ್ಲಿ ಹಮಾಲರು ಏನಾದರೂ ತಮಾಷೆ ಹೇಳಿದರೆ ಮೊದಲು ದವಡೆ ಸಡಿಲ, ಆಮೇಲೆ ಕತ್ತು, ಆಮೇಲೆ ಮಂಡಿ. ಗ್ಲಾಸು ಕೈಯಿಂದ ಜಾರುವುದು ಕಾಣುತ್ತದೆ, ಹಿಡಿಯಲು ಆಗುವುದಿಲ್ಲ. ಬಿದ್ದವನಿಗೆ ಪ್ರಜ್ಞೆ ಪೂರ್ತಿ ಇರುತ್ತದೆ. ಸುತ್ತಲಿನವರು ‘ಫಿಟ್ಸು, ಫಿಟ್ಸು’ ಎಂದು ಕೂಗುತ್ತಾ ಕೈಗೆ ಬೀಗದ ಕೈ ಗೊಂಚಲು ತುರುಕುವುದು, ಇನ್ನೊಬ್ಬ ‘ಬೆಳಿಗ್ಗೆಯೇ ಹಾಕ್ಕೊಂಡಿದ್ದಾನೆ’ ಎನ್ನುವುದು, ಎಲ್ಲ ಕೇಳಿಸುತ್ತದೆ. ಒಂದೆರಡು ನಿಮಿಷಕ್ಕೆ ತಾನೇ ಸರಿಯಾಗಿ ಎದ್ದು ಕೂರುತ್ತಿದ್ದೆ. ನಸುಕಿನಲ್ಲಿ ಇನ್ನೊಂದು ಕಾಟ. ಕಣ್ಣು ಬಿಟ್ಟಿದೆ, ಕೈಕಾಲು ಅಲ್ಲಾಡುವುದಿಲ್ಲ, ಬಾಗಿಲ ಬಳಿ ಯಾರೋ ನಿಂತಂತೆ. ಅಮ್ಮ ಅಂತ್ರ ಕಟ್ಟಿಸಿದರು. ಒಬ್ಬ ವೈದ್ಯರು ಮೂರ್ಛೆರೋಗವೆಂದು ವರ್ಷಗಟ್ಟಲೆ ಮಾತ್ರೆ ಕೊಟ್ಟರು. ಅದನ್ನು ನುಂಗಿದ ಮೇಲೆ ಹಗಲು ನಿದ್ದೆ ದುಪ್ಪಟ್ಟಾಯಿತು. ಕೊನೆಗೆ ಊರಿನ ಇನ್ನೊಬ್ಬ ಡಾಕ್ಟರು ನಗುವ ವಿಷಯ ಕೇಳಿದ ಕೂಡಲೇ ಪೆನ್ನು ಕೆಳಗಿಟ್ಟು, ‘ಬೆಂಗಳೂರಿಗೆ ಹೋಗಿ, ನಿದ್ರೆಯ ಪರೀಕ್ಷೆ ಮಾಡಿಸಿ’ ಎಂದರು.

ಅಲ್ಲಿ ತಲೆಗೆಲ್ಲ ಅಂಟು ಮೆತ್ತಿ ವೈರು ಹಚ್ಚಿ ರಾತ್ರಿ ಮಲಗಿಸಿದರು. ಮರುದಿನ ಹಗಲು ಎರಡೆರಡು ಗಂಟೆಗೊಮ್ಮೆ ಕೋಣೆ ಕತ್ತಲು ಮಾಡಿ ‘ಈಗ ಮಲಗಿ’ ಎನ್ನುವುದು, ಸ್ವಲ್ಪ ಹೊತ್ತಿಗೆ ಎಬ್ಬಿಸುವುದು. ಹಗಲು ಮಲಗಿದ್ದಕ್ಕೆ ಯಾರೂ ಬೈಯದ ದಿನ ನನ್ನ ಜೀವಮಾನದಲ್ಲಿ ಅದೊಂದೇ. ಸಾಮಾನ್ಯರಿಗೆ ಕನಸಿನ ನಿದ್ದೆ ಬರಲು ಸುಮಾರು ಒಂದೂವರೆ ಗಂಟೆ ಬೇಕಂತೆ. ನಾನು ಕಣ್ಣು ಮುಚ್ಚಿದ ಕೆಲವೇ ನಿಮಿಷಕ್ಕೆ ಕನಸಿನಲ್ಲಿದ್ದೆ. ಕಾಯಿಲೆಯ ಹೆಸರು ನಾರ್ಕೊಲೆಪ್ಸಿ. ಮಿದುಳಿನ ಒಳಭಾಗದಲ್ಲಿ ಒರೆಕ್ಸಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ನಾಶವಾದರೆ ಹೀಗಾಗುತ್ತದೆ. ಎಚ್ಚರವನ್ನು ಹಿಡಿದಿಡುವುದು ಆ ರಾಸಾಯನಿಕ. ಹಾಳಾದ ಜೀವಕೋಶ ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ಔಷಧ ಬಹುಮಟ್ಟಿಗೆ ಬದುಕಿನುದ್ದಕ್ಕೂ ಬೇಕು. ಇದಕ್ಕೆ 1880ರಲ್ಲಿ ಹೆಸರಿಟ್ಟವರು ಫ್ರಾನ್ಸಿನ ಜೆಲಿನೊ ಎಂಬ ವೈದ್ಯರು. ಅವರು ವಿವರಿಸಿದ ರೋಗಿ ದ್ರಾಕ್ಷಾರಸದ ಪೀಪಾಯಿ ಮಾರುವ ವ್ಯಾಪಾರಿಯಂತೆ. ಅವನೂ ಲೆಕ್ಕದ ಪುಸ್ತಕದ ಮೇಲೆಯೇ ತೂಕಡಿಸುತ್ತಿದ್ದನೋ ಏನೋ.

ಮೊದಲು ಮೊಡಾಫಿನಿಲ್ ಕೊಟ್ಟರು. ತಲೆನೋವು ಬಂತು, ಎಚ್ಚರ ಅರೆಬರೆ. ಆಮೇಲೆ ಮಿಥೈಲ್‌ಫೆನಿಡೇಟ್. ಆ ಚೀಟಿ ಬರೆಯುವ ಮೊದಲು ಡಾಕ್ಟರು ನನ್ನನ್ನು ಕೇಳಿದಷ್ಟು ಪ್ರಶ್ನೆ ಹೆಣ್ಣು ನೋಡಲು ಹೋದಾಗ ನಮ್ಮ ಮಾವನೂ ಕೇಳಿರಲಿಲ್ಲ. ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಯಾರಾದರೂ ಹಠಾತ್ತನೆ ಹೃದಯ ನಿಂತು ಸತ್ತಿದ್ದಾರೆಯೇ? ಎದೆ ಬಡಿತ ಏರುಪೇರಾಗುತ್ತದೆಯೇ? ಕಣ್ಣಿನ ಒತ್ತಡ ಜಾಸ್ತಿ ಇದೆಯೇ? ಇಲ್ಲದ ದನಿ ಕೇಳಿಸಿದ್ದುಂಟೇ? ಕುಡಿತ? ಬಿಪಿ ನೋಡಿದರು, ಇಸಿಜಿ ಮಾಡಿಸಿದರು, ತೂಕ ಬರೆದುಕೊಂಡರು. ಶುರು ಮಾಡಿದ್ದು 5 ಮಿಲಿಗ್ರಾಮಿನಿಂದ. ಏರಿಸುತ್ತಾ ಹೋಗಿ ಈಗ 10ರ ಮಾತ್ರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಅರ್ಧ. ನಕ್ಕಾಗ ಬೀಳುವುದಕ್ಕೆ ವೆನ್ಲಾಫ್ಯಾಕ್ಸಿನ್ ಬೇರೆ. ಎರಡೂ ಬಿಪಿ ಏರಿಸಬಲ್ಲವು. ಹಾಗಾಗಿ ಮನೆಯಲ್ಲೊಂದು ಬಿಪಿ ಮಷೀನು, ಒಂದು ನೋಟುಪುಸ್ತಕ. ಹೆಂಡತಿಯೇ ಪಟ್ಟಿ ಸುತ್ತಿ, ‘ಮಾತಾಡಬೇಡಿ ರೀ, ಜಾಸ್ತಿ ತೋರಿಸ್ತದೆ’ ಎಂದು ಗದರಿ, ಬರೆದಿಡುತ್ತಾಳೆ.

ಮೊದಲ ವಾರ ಹೊಟ್ಟೆ ಹಸಿಯುವುದೇ ನಿಂತಿತು. ಅನ್ನ ಕಂಡರೆ ಗಂಟಲು ಕಟ್ಟುತ್ತಿತ್ತು, ಬಾಯಿ ಒಣಗುತ್ತಿತ್ತು. ತಿಂಡಿ ಹೊಟ್ಟೆಗೆ ಬಿದ್ದ ಮೇಲೆಯೇ ಮಾತ್ರೆ ಎಂದು ನಿಯಮ ಮಾಡಿಕೊಂಡೆವು. ಎರಡನೆಯದನ್ನು ತೆಗೆದುಕೊಳ್ಳಲು ಮಧ್ಯಾಹ್ನ ಊಟದ ಹೊತ್ತು ಕೊನೆ. ಸಂಜೆ ನುಂಗಿದರೆ ರಾತ್ರಿ ನಿದ್ದೆ ಕೆಡುತ್ತದೆ, ರಾತ್ರಿ ಕೆಟ್ಟರೆ ಮರುದಿನ ಹಗಲು ಇನ್ನೂ ಕೆಡುತ್ತದೆ. ಮರೆತರೆ ಮುಂದಿನದರ ಜೊತೆ ಸೇರಿಸಿ ನುಂಗುವಂತಿಲ್ಲ, ಅದು ಹೋಯಿತು ಎಂದೇ ಲೆಕ್ಕ. ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ, ಯಾರೋ ಬೆನ್ನಹಿಂದೆ ಸಂಚು ಮಾಡುತ್ತಿದ್ದಾರೆ ಎಂಬ ಅನುಮಾನ ಹತ್ತಿದರೆ ಮುಂದಿನ ಮಾತ್ರೆ ನುಂಗದೆ ಆಸ್ಪತ್ರೆಗೆ ಹೋಗಬೇಕೆಂದೂ ಹೇಳಿದ್ದರು. ಬೈಕು ಓಡಿಸಲು ಅವರು ಒಪ್ಪಿದ್ದು ಬಹಳ ತಿಂಗಳ ನಂತರ.

ನಿಜವಾದ ಪಾಡು ಶುರುವಾದದ್ದು ಮೆಡಿಕಲ್ ಶಾಪಿನಲ್ಲಿ. ಇದು ಶೆಡ್ಯೂಲ್ ಎಕ್ಸ್ ಔಷಧ. ಮಾರಲು ಪ್ರತ್ಯೇಕ ಲೈಸೆನ್ಸ್ ಬೇಕು, ಬೀಗ ಹಾಕಿ ಇಡಬೇಕು, ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು. ಊರಿನಲ್ಲಿ ನಾನು ಕೇಳಿದ ಯಾವ ಅಂಗಡಿಯಲ್ಲೂ ಇರಲಿಲ್ಲ. ಒಬ್ಬ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ‘ಯಾರಿಗೆ ಇದು?’ ಎಂದ. ‘ನನಗೇ’ ಎಂದೆ. ನನ್ನ ಕಣ್ಣು ನೋಡಿದ, ಆಮೇಲೆ ತೋಳು ನೋಡಿದ, ಚೀಟಿಯನ್ನು ಕೌಂಟರಿನ ಮೇಲೆ ಬೆರಳ ತುದಿಯಲ್ಲಿ ತಳ್ಳಿದ. ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ. ಚಟ ಹತ್ತಿಸಬಲ್ಲ ಔಷಧಕ್ಕೆ ಬೇಲಿ ಇರಲೇಬೇಕು. ಬೇಲಿಯ ಒಳಗೆ ಬರಲು ಹಕ್ಕಿರುವ ರೋಗಿಗೂ ದಾರಿ ಇಲ್ಲದಿದ್ದರೆ ಹೇಗೆ? ಜಿಲ್ಲೆಗೊಂದು ಅಂಗಡಿಯಾದರೂ ಇದನ್ನು ಇಡುವ ವ್ಯವಸ್ಥೆ ಬೇಡವೇ? ಈ ಮಾತ್ರೆಗೆಂದೇ ರಜೆ ಹಾಕಿ ಬೆಂಗಳೂರಿನ ರೈಲು ಹತ್ತುತ್ತೇನೆ. ಒಂದು ಮಳೆಗಾಲದಲ್ಲಿ ಅಲ್ಲಿಯೂ ‘ಸ್ಟಾಕ್ ಬಂದಿಲ್ಲ’ ಎಂದರು. ಊರಿಗೆ ಮರಳಿದ ಮೇಲೆ ಮಾತ್ರೆ ಮುಗಿಯಿತು. ಹಗಲು ಮತ್ತೆ ಕುಸಿಯಿತು, ಅದರ ಜೊತೆಗೆ ಮನಸ್ಸೂ. ಊಟಕ್ಕೆ ಕೂತಲ್ಲೇ ತಟ್ಟೆಯ ಮುಂದೆ ಮಲಗಿರುತ್ತಿದ್ದೆ. ಸಾಹುಕಾರರು ಲೆಕ್ಕದ ಪುಸ್ತಕವನ್ನು ಮಾತಿಲ್ಲದೆ ಬೇರೆಯವರಿಗೆ ಕೊಟ್ಟರು. ಸ್ಟಾಕ್ ಬಂದಾಗ ಹಳೆಯ ಪ್ರಮಾಣವನ್ನೇ ಒಮ್ಮೆಗೇ ನುಂಗದೆ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೇಳಿದಂತೆ ಕಡಿಮೆಯಿಂದ ಏರಿಸಿಕೊಂಡು ಬಂದೆವು.

ಎದೆ ಝಲ್ಲೆಂದದ್ದು ಒಮ್ಮೆ. ನೆಗಡಿ ಎಂದು ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ನಾನು ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಹೇಳಿದ್ದೆ, ಚೀಟಿಯನ್ನೂ ತೋರಿಸಿದ್ದೆ. ಸರಿ ಸರಿ ಎಂದು ನೆಗಡಿ ಮಾತ್ರೆ ಕೊಟ್ಟರು. ಅದರಲ್ಲಿ ಫಿನೈಲೆಫ್ರಿನ್ ಇತ್ತು, ಮೂಗು ಬಿಡಿಸಲು ರಕ್ತನಾಳ ಬಿಗಿಸುವ ಔಷಧ. ಮಧ್ಯಾಹ್ನದ ಹೊತ್ತಿಗೆ ಎದೆ ಡಬಡಬ, ಬೆರಳ ತುದಿ ತಣ್ಣಗೆ, ಕಿವಿಯಲ್ಲಿ ಗುಂಯ್. ಮಷೀನು 170 ತೋರಿಸಿತು. ಹೆಂಡತಿ ಇನ್ನೊಮ್ಮೆ ಸುತ್ತಿ ನೋಡಿದಳು, ಇಳಿದಿರಲಿಲ್ಲ. ಬೆಂಗಳೂರಿಗೆ ಫೋನ್ ಮಾಡಿದರೆ ಮಧ್ಯಾಹ್ನದ ಅರ್ಧ ಬೇಡ, ನೆಗಡಿ ಮಾತ್ರೆ ಬಂದ್, ಈಗಲೇ ಆಸ್ಪತ್ರೆಯಲ್ಲಿ ಇಸಿಜಿ ಎಂದರು. ಇಸಿಜಿ ಸರಿ ಇತ್ತು, ರಾತ್ರಿ ವೇಳೆಗೆ ಬಿಪಿ ಇಳಿಯಿತು. ಅಲ್ಲಿಂದೀಚೆಗೆ ನೆಗಡಿಯಾದರೆ ಬಿಸಿನೀರಿನ ಹಬೆ.

ಇನ್ನೊಂದು ಬಗೆಯ ಕಾಟ ನೆಂಟರದು. ಹೆಂಡತಿಯ ಅಣ್ಣ ಬಂದವರು ಕಾಫಿ ಕುಡಿದು ಮೆಲ್ಲಗೆ ಶುರು ಮಾಡಿದರು. ‘ಭಾವ, ಹುಡುಗನಿಗೆ ಸಿಇಟಿ ಹತ್ರ ಬಂತು. ರಾತ್ರಿ ಓದೋಕೆ ಕೂತ್ರೆ ತೂಕಡಿಸ್ತಾನೆ. ನಿಮ್ಮ ಮಾತ್ರೆ ಎರಡೇ ಎರಡು ಕೊಡಿ.’ ಇದನ್ನು ಬೇರೆಯವರಿಗೆ ಕೊಡುವುದು 1985ರ ಮಾದಕ ವಸ್ತುಗಳ ಕಾಯ್ದೆಯ ಪ್ರಕಾರ ಅಪರಾಧ ಎಂದೆ. ‘ಮನೆಯೊಳಗೆ ಎಂಥ ಕಾಯ್ದೆ’ ಎಂದರು. ಅವನ ಹೃದಯ ಯಾರು ಪರೀಕ್ಷೆ ಮಾಡಿದ್ದಾರೆ ಎಂದೆ. ಆಗ ಒಳಗಿನಿಂದ ನನ್ನವಳೇ, ‘ಅಣ್ಣಾ, ಅವನಿಗೆ ಇರೋದು ಕಾಯಿಲೆ ಅಲ್ಲ, ನಿದ್ದೆ. ಮಲಗಲಿಕ್ಕೆ ಬಿಡು’ ಎಂದಳು. ಅವರು ಮುಖ ಊದಿಸಿಕೊಂಡು ಹೋದರು. ಅಂದಿನಿಂದ ಸ್ಟ್ರಿಪ್ಪುಗಳು ಬೀರುವಿನಲ್ಲಿ, ಕೀಲಿ ಅವಳ ಸೊಂಟದಲ್ಲಿ. ತಿಂಗಳ ಕೊನೆಗೆ ಎಷ್ಟು ಉಳಿದಿದೆ ಎಂದು ಇಬ್ಬರೂ ಎಣಿಸುತ್ತೇವೆ.

ಲೆಕ್ಕದ ಪುಸ್ತಕ ಮತ್ತೆ ನನ್ನ ಕೈಗೆ ಬಂದಿದೆ. ಮಾತ್ರೆಯೊಂದೇ ಸಾಲದು, ಊಟವಾದ ಮೇಲೆ ಚೀಲಗಳ ಹಿಂದೆ ಕಾಲು ಗಂಟೆ ಮಲಗಲು ಸಾಹುಕಾರರು ಒಪ್ಪಿದ್ದಾರೆ. ಹಮಾಲರು ತಮಾಷೆ ಹೇಳುವ ಮೊದಲು ನನಗೆ ಗೋಡೆಯ ಪಕ್ಕ ಜಾಗ ಬಿಡುತ್ತಾರೆ. ಕಳೆದ ಸಲ ಡಾಕ್ಟರು ನೋಟುಪುಸ್ತಕ ತಿರುವಿ, ಬಿಪಿ ನಿಧಾನಕ್ಕೆ ಮೇಲೆ ಹೋಗುತ್ತಿದೆ, ಮಧ್ಯಾಹ್ನದ ಅರ್ಧವನ್ನು ನಿಲ್ಲಿಸಬೇಕಾಗಬಹುದು, ಅದಕ್ಕೂ ಮೊದಲು ಕಾಫಿ ಬಿಟ್ಟು ನೋಡಿ ಎಂದರು. ಸಂಜೆಯದನ್ನು ಬಿಟ್ಟಿದ್ದೇನೆ. ಬೆಳಗಿನ ಲೋಟದ ವಿಷಯದಲ್ಲಿ ನನಗೂ ಹೆಂಡತಿಗೂ ಇನ್ನೂ ಮಾತುಕತೆ ನಡೆದಿದೆ.