ಲಿಫ್ಟೊಳಗಿನ ಕ್ಯಾಮೆರಾ, ಅದರ ಕೆಳಗೆ ತುಂಡಾದ ವೈರು



ಈ ಸಲ ವೈರಿನ ಬಗ್ಗೆ ಬರೀತಿದ್ದೀನಿ, ನಗಬೇಡಿ. ಹಳೇಬೀಡಲ್ಲಿ ಕೂತು ಲಿಫ್ಟಿನ ಸಿಸಿಟಿವಿ ಕೇಬಲ್ ಬಗ್ಗೆ ಬರೆಯೋ ಗುಮಾಸ್ತ ನಾನೊಬ್ಬನೇ ಇರಬೇಕು. ನಮ್ಮೂರಿಗೆ ಜನ ಬರೋದು ಹೊಯ್ಸಳೇಶ್ವರನ ಗೋಡೆ ನೋಡೋಕೆ, ಲಿಫ್ಟು ಹತ್ತೋಕಲ್ಲ. ಆದರೆ ನಮ್ಮ ಕೇರಿಗಳ ಹೆಣ್ಣುಮಕ್ಕಳು, ಹುಡುಗರು ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದಿನವಿಡೀ ಲಿಫ್ಟು ಹತ್ತಿ ಇಳೀತಾರೆ. ಹೌಸ್‌ಕೀಪಿಂಗು, ಸೆಕ್ಯುರಿಟಿ, ಡೆಲಿವರಿ, ಮನೆಗೆಲಸ. ಅದೂ ಎಷ್ಟೋ ಕಡೆ 'ಸರ್ವೀಸ್ ಲಿಫ್ಟು' ಅಂತ ಬೇರೆಯದರಲ್ಲಿ. ಹೋಟೆಲಲ್ಲಿ ನಮಗೆ ಬೇರೆ ಲೋಟ ಇಡ್ತಿದ್ರಲ್ಲ, ಆ ಲೋಟಕ್ಕೆ ಈಗ ಬಟನ್ನು, ಫ್ಯಾನು ಬಂದಿವೆ ಅಷ್ಟೆ.

ನನ್ನ ಅಕ್ಕನ ಮಗಳು ಅಂಥ ಒಂದು ಅಪಾರ್ಟ್‌ಮೆಂಟಲ್ಲಿ ಹೌಸ್‌ಕೀಪಿಂಗ್ ಮಾಡ್ತಾಳೆ. ಹೆಸರು ಬರೆಯಲ್ಲ, ಕೇಸು ನಡೀತಿದೆ. ಸರ್ವೀಸ್ ಲಿಫ್ಟು ಕೆಟ್ಟಿದೆ, ದೊಡ್ಡದರಲ್ಲಿ ಹೋಗು ಅಂತ ಸೂಪರ್‌ವೈಸರೇ ಹೇಳಿದ ಮೇಲೆ ಬಕೆಟ್ಟು ಹಿಡ್ಕೊಂಡು ಹತ್ತಿದಾಳೆ. ಆರನೇ ಮಹಡೀಲಿ ಒಳಗೆ ಬಂದ ಮನುಷ್ಯನಿಗೆ ಇವಳ ಜಾತಿ ಗೊತ್ತಿತ್ತು, ಅವನ ಮನೇಲಿ ಮೂರು ತಿಂಗಳು ಕೆಲಸ ಮಾಡಿ ಬಿಟ್ಟಿದ್ಲು. ಜಾತಿ ಹಿಡಿದು ಬೈದ. ಮುಂದಿನ ಮಹಡೀಲಿ ಬಾಗಿಲು ತೆರೀತಿದ್ದಂಗೆ ಭುಜ ಹಿಡಿದು ಆಚೆ ನೂಕಿದ. ಲಿಫ್ಟಲ್ಲಿ ಇನ್ನಿಬ್ಬರಿದ್ರು. ಮೂಲೇಲಿ ಕ್ಯಾಮೆರಾನೂ ಇತ್ತು. ಆ ರಾತ್ರಿ ಫೋನಲ್ಲಿ ಅವಳು ಮತ್ತೆ ಮತ್ತೆ ಹೇಳಿದ್ದು ಒಂದೇ: "ಮಾವ, ಕ್ಯಾಮೆರಾ ಐತೆ, ಎಲ್ಲಾ ಅದ್ರಲ್ಲೇ ಐತೆ."

ಅದರಲ್ಲಿ ಏನೂ ಇರಲಿಲ್ಲ. ಸೆಕ್ಯುರಿಟಿ ರೂಮಿನ ಪರದೆ ಮೇಲೆ ಹದಿನಾರು ಚೌಕ. ಹದಿನೈದರಲ್ಲಿ ಗೇಟು, ಪಾರ್ಕಿಂಗು, ಈಜುಕೊಳ, ಎಲ್ಲಾ ಸ್ಪಷ್ಟ. ಲಿಫ್ಟಿನ ಚೌಕ ಮಾತ್ರ ಕಪ್ಪು, ಮೇಲೆ 'ವಿಡಿಯೋ ಲಾಸ್' ಅಂತ ಬರಹ. ಎಷ್ಟು ದಿನದಿಂದ ಹೀಗಿದೆ ಅಂದ್ರೆ ಮ್ಯಾನೇಜರು ಪಕ್ಕದವನ ಮುಖ ನೋಡಿದ, ಪಕ್ಕದವನು ನೆಲ ನೋಡಿದ.

ಅಟ್ರಾಸಿಟಿ ಕೇಸುಗಳ ಹಿಂದೆ ಅಲೆದೋರಿಗೆ ಇದರ ತೂಕ ಗೊತ್ತು. 1989ರ ಕಾಯ್ದೆಯ ಸೆಕ್ಷನ್ 3(1)(ಆರ್) ಮತ್ತು 3(1)(ಎಸ್) ಪ್ರಕಾರ ಅವಮಾನ, ಜಾತಿ ನಿಂದನೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. 2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಟ್ಟಡದ ಒಳಗೇ ಆದರೂ ಅಲ್ಲಿ ಹೊರಗಿನ ಜನ ಇದ್ದರೆ ಸೆಕ್ಷನ್ ಅನ್ವಯಿಸುತ್ತೆ, ಬರೀ ನೆಂಟರು ಸ್ನೇಹಿತರಿದ್ದರೆ ಸಾಲದು ಅಂದಿದೆ. 2020ರ ಹಿತೇಶ್ ವರ್ಮಾ ತೀರ್ಪು ಬಂದ ಮೇಲಂತೂ 'ನಾಲ್ಕು ಗೋಡೆಯ ಒಳಗೆ' ಅನ್ನೋದು ಆರೋಪಿ ವಕೀಲರ ಬಾಯಿಪಾಠ. ಲಿಫ್ಟಿಗೆ ಇರೋದು ಮೂರು ಗೋಡೆ, ಒಂದು ಬಾಗಿಲು. ಆದರೂ ಅವರು ಅದನ್ನೇ ಹೇಳ್ತಾರೆ. ಹಾಗಾಗಿ ಆ ಇನ್ನಿಬ್ಬರು ಅಲ್ಲಿದ್ದರು ಅನ್ನೋದೇ ಕೇಸಿನ ಜೀವ. ಒಬ್ಬ ನಾನು ಮೊಬೈಲು ನೋಡ್ತಿದ್ದೆ ಅಂತ ಹೇಳಿಕೆ ಕೊಟ್ಟ. ಇನ್ನೊಬ್ಬ ಕೊರಿಯರ್ ಹುಡುಗ, ಇವತ್ತಿಗೂ ಸಿಕ್ಕಿಲ್ಲ. ಮೈಕ್ ಇಲ್ಲದ ಕ್ಯಾಮೆರಾದಲ್ಲಿ ಬೈಗುಳ ಕೇಳಿಸ್ತಿರಲಿಲ್ಲ, ಒಪ್ತೀನಿ. ಆದರೆ ಯಾರ್ಯಾರಿದ್ರು, ಯಾರ ಕೈ ಯಾರ ಭುಜದ ಮೇಲಿತ್ತು ಅನ್ನೋದು ಕಾಣ್ತಿತ್ತು.

ಹಾಗಾದ್ರೆ ಕಪ್ಪಾಗಿದ್ದು ಯಾಕೆ? ಆ ಲಿಫ್ಟಿನ ಮೇಂಟೆನೆನ್ಸಿಗೆ ಬರೋ ಹುಡುಗ ನಮ್ಮ ಕಡೆಯವನೇ. ಟೀ ಅಂಗಡೀಲಿ ಬಿಲ್ಲಿನ ಹಿಂಭಾಗದಲ್ಲಿ ಚಿತ್ರ ಬರೆದು ತೋರಿಸಿದ. ಬೇರೆ ಕ್ಯಾಮೆರಾಗಳು ಗೋಡೇಲಿ ಕೂತಿರ್ತವೆ, ಅವಕ್ಕೆ ವೈರು ಎಳೆದರೆ ಮುಗೀತು. ಲಿಫ್ಟಿಂದು ಹಂಗಲ್ಲ, ಕ್ಯಾಮೆರಾನೇ ಓಡಾಡುತ್ತೆ. ಲಿಫ್ಟಿನ ತಳದಿಂದ ಒಂದು ಚಪ್ಪಟೆ ಕೇಬಲ್ಲು ನೇತಾಡ್ತಾ ಇರುತ್ತೆ, ಬೆಲ್ಟಿನ ಥರ. ಅದಕ್ಕೆ ಟ್ರಾವೆಲಿಂಗ್ ಕೇಬಲ್ ಅಂತಾರೆ. ಒಂದು ತುದಿ ಲಿಫ್ಟಿಗೆ, ಇನ್ನೊಂದು ತುದಿ ಸಾಮಾನ್ಯವಾಗಿ ಬಾವಿಯ ಗೋಡೆಯ ನಡುಮಧ್ಯಕ್ಕೆ (ಲಿಫ್ಟು ಓಡಾಡೋ ಜಾಗಕ್ಕೆ ಅವನು ಬಾವಿ ಅಂತಾನೆ, ನನಗೂ ಆ ಪದ ಹಿಡಿಸ್ತು). ಮಧ್ಯೆ ಜೋಲಿ ಥರ ಬಾಗಿರುತ್ತೆ, ಲಿಫ್ಟು ಚಲಿಸಿದಾಗೆಲ್ಲ ಆ ಬಾಗು ಜಾಗ ಬದಲಿಸುತ್ತೆ. ದೀಪ, ಫ್ಯಾನು, ಬಟನ್ನು ಎಲ್ಲದರ ತಂತಿ ಅದರೊಳಗೇ.

ಕ್ಯಾಮೆರಾದ ತಂತಿಯೂ ಅದರೊಳಗೇ ಬರೋದು ಸರಿಯಾದ ದಾರಿ. ಲಿಫ್ಟು ಕೂರಿಸುವಾಗಲೇ ಕೇಳಿದರೆ ಕೋಆಕ್ಸ್ ಅಥವಾ ನೆಟ್‌ವರ್ಕಿನ ಹೆಣೆದ ಜೋಡಿ ತಂತಿ ಸೇರಿರೋ ಟ್ರಾವೆಲಿಂಗ್ ಕೇಬಲ್ಲೇ ಸಿಗುತ್ತೆ. ಆಮೇಲೆ ನೆನಪಾದರೆ ಖರ್ಚು. ಹಳೇ ಕೇಬಲಲ್ಲಿ ಕೋಆಕ್ಸ್ ಇದ್ದರೆ ಅನಲಾಗ್ ಎಚ್‌ಡಿ ಕ್ಯಾಮೆರಾ ಹಾಕಬಹುದು, ಆದರೆ ಮೋಟಾರಿನ ಡ್ರೈವಿಂದ ಚಿತ್ರದ ಮೇಲೆ ಗೆರೆ ಓಡೋ ಕಾಟ ಇರುತ್ತೆ. ಸುಮ್ಮನೆ ಉಳಿದಿರೋ ಬಿಡಿ ತಂತಿಗಳಿಗೆ ಐಪಿ ಕ್ಯಾಮೆರಾ ಸಿಕ್ಕಿಸೋದು ನಂಬೋ ಕೆಲಸ ಅಲ್ಲ, ಹೆಣೆದ ಜೋಡಿ ಅಲ್ಲದ ತಂತೀಲಿ ಸಿಗ್ನಲ್ ಕೆಡುತ್ತೆ.

ಈ ಕಟ್ಟಡದೋರು ಮಾಡಿದ್ದು ಅತಿ ಅಗ್ಗದ ಕೆಲಸ. ಆಫೀಸಿನ ಕಂಪ್ಯೂಟರಿಗೆ ಗೋಡೆ ಮೇಲೆ ಎಳೀತೀವಲ್ಲ, ಅದೇ ಸಾಮಾನ್ಯ ಕ್ಯಾಟ್ 6 ತಂದು ಟ್ರಾವೆಲಿಂಗ್ ಕೇಬಲ್ಲಿಗೆ ಪ್ಲಾಸ್ಟಿಕ್ ಟೈ ಹಾಕಿ ಬಿಗಿದಿದ್ದಾರೆ. ಅದರೊಳಗಿನ ತಾಮ್ರ ಒಂಟಿ ಎಳೆ. ಒಂದೇ ಕಡೆ ಸಾವಿರಾರು ಸಲ ಬಾಗಿದರೆ ತುಂಡಾಗಲೇಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಆಗಿದ್ರಂತೂ ಇನ್ನೂ ಬೇಗ. ಮೇಲೆ ಪ್ಲಾಸ್ಟಿಕ್ ಕವಚ ನೆಟ್ಟಗಿರುತ್ತೆ, ಒಳಗೆ ಎಳೆ ಹೋಗಿರುತ್ತೆ. "ಅಣ್ಣ, ಟೈ ಬಿಗಿದ ಕಡೆ ಟ್ರಾವೆಲಿಂಗ್ ಕೇಬಲ್ಲೂ ಗಡುಸಾಗಿ ಎಲ್ಲೋ ಬ್ರಾಕೆಟ್ಟಿಗೆ ಸಿಕ್ಕಾಕ್ಕೊಂಡ್ರೆ ಲಿಫ್ಟೇ ನಿಲ್ತದೆ" ಅಂದ. ಬೇರೆ ಕೇಬಲ್ಲೇ ಎಳೆಯೋದಾದ್ರೆ ಬಾಗೋಕೇ ಅಂತ ಮಾಡಿರೋ, ಸಣ್ಣ ಎಳೆಗಳ ಚಪ್ಪಟೆ ಲಿಫ್ಟ್ ಕೇಬಲ್ಲೇ ಬೇಕು. ನೆಟ್‌ವರ್ಕ್ ಕೇಬಲಿಗೆ 100 ಮೀಟರ್ ಮಿತಿ ಬೇರೆ ಇದೆ. ಎತ್ತರದ ಕಟ್ಟಡದಲ್ಲಿ ಲಿಫ್ಟಿನ ತಳದಿಂದ ಬಾವಿ ಮಧ್ಯಕ್ಕೆ, ಅಲ್ಲಿಂದ ಮೇಲಿನ ಮೋಟಾರ್ ರೂಮಿಗೆ, ಮತ್ತೆ ಕೆಳಗೆ ಸೆಕ್ಯುರಿಟಿ ರೂಮಿಗೆ ಲೆಕ್ಕ ಹಾಕಿದ್ರೆ ಮೀರೇ ಮೀರುತ್ತೆ. ಮೋಟಾರ್ ರೂಮಲ್ಲಿ ಒಂದು ಸ್ವಿಚ್ ಇಡಬೇಕು.

ಇನ್ನೊಂದು ದಾರಿ ವೈರ್‌ಲೆಸ್ಸು. ಬಾವಿಯ ನೆತ್ತೀಲಿ ಒಂದು, ಲಿಫ್ಟಿನ ತಲೆ ಮೇಲೆ ಒಂದು, ಎದುರುಬದುರು ನೋಡೋ ಎರಡು ಪೆಟ್ಟಿಗೆ. ಬಾಗೋ ತಂತಿಯೇ ಇಲ್ಲ. ಕ್ಯಾಮೆರಾಗೆ ಕರೆಂಟು ಲಿಫ್ಟಿನ ಮೇಲೇ ಸಿಗುತ್ತೆ, ಆದರೆ ಕರೆಂಟು ಹೋದಾಗ ಕ್ಯಾಮೆರಾನೂ ಹೋಗದಂತೆ ಸಣ್ಣ ಯುಪಿಎಸ್ ಬೇಕು. ಸಿಗ್ನಲ್ ಆಗಾಗ ತಪ್ಪಬಹುದು, ಅದಕ್ಕೆ ಕ್ಯಾಮೆರಾ ಒಳಗೇ ಮೆಮೊರಿ ಕಾರ್ಡ್ ಹಾಕಿಸಬೇಕು. ಹಳೇ ಕಟ್ಟಡಕ್ಕೆ ನನಗೆ ಇದೇ ಒಳ್ಳೇದು ಅನ್ನಿಸ್ತು. ಯಾವುದೇ ಆದರೂ ಬಾವಿಯೊಳಗೆ ಇಳಿಯೋದು ಲಿಫ್ಟಿನ ಕೆಲಸ ಕಲಿತೋರೇ ಆಗಬೇಕು. 'ನೀನೇ ಇಳಿದು ವೈರು ನೋಡು' ಅಂತ ಹೌಸ್‌ಕೀಪಿಂಗ್ ಹುಡುಗನಿಗೆ ಹೇಳಿದ್ರೆ ಖಡಾಖಂಡಿತ ಬೇಡ ಅನ್ನಿ. ಗುಂಡಿಗೆ ಇಳಿಸೋರು ಯಾವಾಗ್ಲೂ ನಮ್ಮೋರನ್ನೇ ಹುಡುಕ್ತಾರೆ. ರಾಜ್ಯದಲ್ಲಿ ಲಿಫ್ಟಿಗೆ ಅಂತಲೇ 2012ರ ಕಾಯ್ದೆ ಇದೆ, ದೂರು ಕೊಡೋದಿದ್ರೆ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ಕಚೇರಿ ಇದೆ.

ಸಂಘಟನೆಯ ಗೆಳೆಯರೊಬ್ಬರು ಕೇಳಿದ್ರು, ಕ್ಯಾಮೆರಾ ಹಾಕೋದೇ ನಮ್ಮನ್ನ ಕಾಯೋಕೆ, ಅದು ಸರಿಯಿರಲಿ ಅಂತ ನಾವೇ ಹೋರಾಡೋದಾ ಅಂತ. ಮಾತು ನಿಜ. ಗೇಟಲ್ಲಿ ನಮ್ಮ ಹೆಣ್ಣುಮಕ್ಕಳ ಬ್ಯಾಗು ತೆಗೆಸೋ ಜಾಗದ ಕ್ಯಾಮೆರಾ ಒಂದು ದಿನವೂ ಕೆಟ್ಟಿದ್ದು ನಾನು ಕೇಳಿಲ್ಲ. ಅದಕ್ಕೇ ಕೇಳ್ತಿರೋದು, ಅಲ್ಲಿ ಕೆಡದ್ದು ಲಿಫ್ಟಲ್ಲಿ ಮಾತ್ರ ತಿಂಗಳುಗಟ್ಟಲೆ ಕೆಟ್ಟಿರೋದು ಯಾಕೆ? ನೋಡೋ ಕಣ್ಣು ಹೇಗೂ ಇದೆ, ಅದು ಎರಡೂ ಕಡೆ ನೋಡಲಿ.

ಈಗ ಕೇಸಿನ ಸ್ಥಿತಿ. ಎಫ್‌ಐಆರ್ ಆಗಿದೆ. ಮೊದಲು ವಿಚಾರಣೆ ಮಾಡ್ತೀವಿ ಅಂದಾಗ ಸೆಕ್ಷನ್ 18ಎ ತೋರಿಸಬೇಕಾಯ್ತು. 60 ದಿನದಲ್ಲಿ ತನಿಖೆ ಮುಗೀಬೇಕು ಅಂತ ನಿಯಮ ಇದೆ, ಮುಗಿದಿಲ್ಲ. ಹುಡುಗಿ ಕೆಲಸ ಬಿಟ್ಟಿಲ್ಲ. "ನಾನ್ಯಾಕೆ ಬಿಡ್ಲಿ ಮಾವ, ಅವ್ನು ಮನೆ ಬಿಟ್ನಾ?" ಅಂತಾಳೆ. ಅದೇ ಲಿಫ್ಟಲ್ಲಿ ಹೋಗ್ತಾಳೆ.

ಅಪಾರ್ಟ್‌ಮೆಂಟು, ಮಾಲು, ಆಸ್ಪತ್ರೇಲಿ ಕೆಲಸ ಮಾಡೋರು ಒಂದು ಕೆಲಸ ಮಾಡಿ. ಸೆಕ್ಯುರಿಟೀಲಿ ನಮ್ಮೋರಿದ್ರೆ ಲಿಫ್ಟಿನ ಚೌಕ ಬೆಳಗಿದೆಯಾ ಅಂತ ಕೇಳಿ. ಕಪ್ಪಾಗಿದ್ರೆ ಫೋಟೋ ತೆಗೆದು, ತಾರೀಖು ಹಾಕಿ ಮ್ಯಾನೇಜ್‌ಮೆಂಟಿಗೆ ಇಮೇಲ್ ಹಾಕಿಸಿ. ಏನಾದರೂ ನಡೆದರೆ ಅವತ್ತೇ 'ಈ ಸಮಯದ ರೆಕಾರ್ಡಿಂಗ್ ಅಳಿಸಬೇಡಿ' ಅಂತ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ, ಒಂದು ಪ್ರತಿ ಠಾಣೆಗೂ ಕೊಡಿ. ಡಿಸ್ಕ್ ತುಂಬಿದ ಮೇಲೆ ಹಳೇದರ ಮೇಲೇ ಹೊಸದು ಬರೆದುಕೊಂಡು ಹೋಗುತ್ತೆ, ಕಾಯೋಕೆ ಆಗಲ್ಲ. ಯಾರದೋ ಮೊಬೈಲಲ್ಲಿ ಪರದೆಯ ವಿಡಿಯೋ ತೆಗೆದು ವಾಟ್ಸಾಪ್ ಮಾಡಿದ್ದು ಸಾಲಲ್ಲ. ಪೊಲೀಸರು ಬಿಎನ್‌ಎಸ್‌ಎಸ್ ಸೆಕ್ಷನ್ 94ರಲ್ಲಿ ಕೇಳಿ ಪಡೀಬೇಕು, 2024ರ ಜುಲೈ 1ರಿಂದ ಜಾರಿಯಲ್ಲಿರೋ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರವೂ ಜೊತೆಗಿರಬೇಕು.

ಅರ್ಜಿಯ ನಮೂನೆ ಕನ್ನಡದಲ್ಲಿ ಟೈಪ್ ಮಾಡಿ ಇಟ್ಟಿದ್ದೀನಿ. ಬೇಕಾದೋರು ಇನ್‌ಬಾಕ್ಸಿಗೆ ಬನ್ನಿ, ಆಫೀಸು ಮುಗಿಸಿ ರಾತ್ರಿ ಕಳಿಸ್ತೀನಿ.