ಪಾತ್ರಕ್ಕೆ ರೂಪ ಕೊಡುವ ಉದ್ಯೋಗ

ಕಲಘಟಗಿಯ ತೊಟ್ಟಿಲನ್ನು ಅರಿಯದವರು ಧಾರವಾಡ ಸೀಮೆಯಲ್ಲಿ ವಿರಳ. ಚೊಚ್ಚಲ ಕೂಸಿಗೆಂದು ತವರಿನವರು ಕೊಡುವ ಆ ಸಾಗುವಾನಿಯ ತೊಟ್ಟಿಲ ಹಲಗೆಗಳ ಮೇಲೆ ಕೃಷ್ಣನ ಬಾಲಲೀಲೆಗಳನ್ನೋ ರಾಮಾಯಣದ ಪ್ರಸಂಗಗಳನ್ನೋ ಬರೆದು, ಅರಗಿನಿಂದ ಹೊಳಪೇರಿಸಿರುತ್ತಾರೆ. ತಲೆಮಾರು ಕಳೆದರೂ ಬಣ್ಣ ಮಾಸುವದಿಲ್ಲ. ಆ ಚಿಕ್ಕ ಹಲಗೆಯಲ್ಲಿ ಹೆಸರು ಬರೆಯಲು ಎಡೆಯಿಲ್ಲ; ಆದರೂ ಅಕ್ಷರವರಿಯದ ಅಜ್ಜಿಯೂ ಇವನು ಕೃಷ್ಣ, ಇವಳು ಯಶೋದೆ ಎಂದು ಬೆರಳಿಟ್ಟು ತೋರಿಸುವಳು. ದೊಡ್ಡಾಟದಲ್ಲಿಯೂ ಹೀಗೆಯೇ. ಕಿರೀಟ, ಭುಜಕೀರ್ತಿ, ಮೀಸೆ, ಹೆಜ್ಜೆಯ ಭಾರ ಇವುಗಳಿಂದಲೇ ರಾವಣನು ಬಾಯಿ ತೆರೆಯುವದಕ್ಕೆ ಮೊದಲೇ ರಾವಣನಾಗಿರುವನು.

ಹೀಗೆ ಹೆಸರಿಗಿಂತ ಮುಂಚೆ ರೂಪವನ್ನು ನಿಲ್ಲಿಸುವದೇ ಇಂದು ಒಂದು ಸ್ವತಂತ್ರ ಉದ್ಯೋಗವಾಗಿದೆ. ಚಲನಚಿತ್ರಕ್ಕಾಗಲಿ, ಗಣಕಯಂತ್ರದ ಆಟಕ್ಕಾಗಲಿ ಒಂದು ಪಾತ್ರ ಬೇಕಾದಾಗ, ಉಡುಪು ಹೊಲಿಯುವವನೂ ಗೊಂಬೆ ಕಡೆಯುವವನೂ ಕೈ ಹಚ್ಚುವ ಮೊದಲು ಅದರ ಮೈಕಟ್ಟು, ಮುಖಭಾವ, ಉಡಿಗೆತೊಡಿಗೆಗಳನ್ನು ಒಬ್ಬ ಚಿತ್ರಕಾರನು ನಿರ್ಣಯಿಸಿ, ಮುಂದಿನಿಂದ, ಮಗ್ಗುಲಿನಿಂದ, ಬೆನ್ನಿನಿಂದ ಬರೆದು ಕೊಡಬೇಕು. ಅವನಿಗೆ ಕಾನ್ಸೆಪ್ಟ್ ಆರ್ಟಿಸ್ಟ್ ಎಂದು ಹೆಸರು. ಹತ್ತು ಬರೆದರೆ ಒಂಬತ್ತು ಬುಟ್ಟಿಗೆ ಬೀಳುವವು. ಉಳಿದ ಒಂದೂ ಇನ್ನೊಬ್ಬನ ಕಥೆಯ ಸೇವೆಗೆ ಮೀಸಲು.

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯ ತರುಣನೊಬ್ಬನು ಈ ಉದ್ಯೋಗಕ್ಕೆ ಮನಸೋತನು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನೂ, ಆಷಾಢದ ಮಂಗಳವಾರಗಳಲ್ಲಿ ತಂಗಿಗಾಗಿ ಗುಳ್ಳವ್ವನನ್ನೂ ಮಾಡಿ ಪಳಗಿದ ಕೈ ಅವನದು. ಎರಡು ಎಕರೆ ಭತ್ತದ ಗದ್ದೆಯ ಮೇಲೆ ಸಂಸಾರ ನಡೆಯಿಸುವ ತಂದೆಯು, ಒಂದು ವರುಷದ ಮಟ್ಟಿಗೆ ಮಾತ್ರ ಅವನನ್ನು ಹೊಲದ ಕೆಲಸದಿಂದ ಬಿಟ್ಟುಕೊಟ್ಟನು. ಆ ಗಡುವು ತರುಣನ ಎದೆಯ ಮೇಲೆ ಕಲ್ಲಿನಂತೆ ಕುಳಿತಿತ್ತು.

ಅವನು ಹಗಲಿರುಳು ಬರೆದನು: ಉಕ್ಕಿನ ಕವಚ ತೊಟ್ಟ ಪರದೇಶದ ವೀರರು, ರೆಕ್ಕೆಯ ರಾಕ್ಷಸರು. ಎಲ್ಲವೂ ಕಣ್ಣು ಕೋರೈಸುವಂಥವೇ. ಆದರೆ ಬೆಂಗಳೂರಿನ ಸಂಸ್ಥೆಯೊಂದರಿಂದ ಬಂದ ಉತ್ತರವು ಎರಡೇ ಸಾಲಿನದು: ಕೈ ಚೆನ್ನಾಗಿದೆ, ಆದರೆ ಇಂಥ ಚಿತ್ರಗಳನ್ನು ನಿತ್ಯವೂ ನೂರು ಜನ ಕಳಿಸುತ್ತಾರೆ. ಆಗ ಎಂಟು ತಿಂಗಳು ಕಳೆದಿದ್ದವು.

ಮನನೊಂದ ಅವನು ಕೆಲವು ದಿನ ಕುಂಚವನ್ನೇ ಮುಟ್ಟಲಿಲ್ಲ. ಒಂದು ದಿನ ಅಟ್ಟದ ಮೇಲಿದ್ದ ಹಳೆಯ ತೊಟ್ಟಿಲನ್ನು ನೆರೆಯವರ ಬಾಣಂತಿಗಾಗಿ ಕೆಳಗಿಳಿಸಿ ಒರೆಸುವಾಗ, ಅದರ ಯಶೋದೆಯು ಅವನ ಕಣ್ಣಿಗೆ ಬಿದ್ದಳು. ಅವಳು ಗೋಕುಲದವಳಾಗಿರಲಿಲ್ಲ, ನೆರಿಗೆ, ಸೆರಗು, ಮೂಗುತಿಗಳಲ್ಲಿ ಈ ಸೀಮೆಯ ಒಕ್ಕಲಗಿತ್ತಿಯೇ ಆಗಿದ್ದಳು. ಬರೆದವನು ತಾನು ಕಂಡವಳನ್ನೇ ಬರೆದಿದ್ದನು. ಆದುದರಿಂದಲೇ ನೋಡಿದವರು ಗುರುತಿಸಿದರು. ಶಾಸ್ತ್ರವು ಲಕ್ಷಣವನ್ನು ಕೊಡಬಹುದು, ಜೀವವನ್ನು ಓಣಿಯಿಂದಲೇ ತರಬೇಕು ಎಂಬುದು ಅವನಿಗೆ ಅಂದು ಹೊಳೆಯಿತು.

ಹೊಟ್ಟೆಪಾಡಿನ ಕೆಲಸವು ಕಲೆಗೆ ಕುಂದು ಎಂಬ ಭ್ರಮೆಯೂ ಅವನಲ್ಲಿತ್ತು. ಕಲಬುರ್ಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರ ಚರಿತ್ರವು ಅದನ್ನು ಕಳೆಯಿತು. ಮುಂಬಯಿಯಲ್ಲಿ ಚಲನಚಿತ್ರಗಳ ಜಾಹೀರಾತುಗಳನ್ನು ಬರೆದು ಬದುಕು ಕಟ್ಟಿಕೊಂಡ ಆ ಮಹನೀಯರ ಪುರಾಣಚಿತ್ರಗಳು ಮುಂದೆ ಕ್ಯಾಲೆಂಡರುಗಳ ಮೂಲಕ ಮನೆಮನೆಯನ್ನು ಹೊಕ್ಕವು. ಅವರು 1993ರಲ್ಲಿ ತೀರಿಕೊಂಡರೂ, ಅವರು ಬರೆದ ದೇವತೆಗಳು ಇನ್ನೂ ಗೋಡೆಗಳ ಮೇಲಿದ್ದಾರೆ.

ಉಳಿದ ನಾಲ್ಕು ತಿಂಗಳು ತರುಣನು ಸಂತೆಯಲ್ಲಿ, ಗದ್ದೆಯ ಬದುವಿನಲ್ಲಿ, ಬಸ್ಸಿನ ನಿಲ್ದಾಣದಲ್ಲಿ ಕುಳಿತು ಜನರನ್ನು ಬರೆದನು. ಹೊರೆ ಹೊತ್ತವಳ ಕತ್ತು ಹೇಗೆ ನಿಲ್ಲುವದು, ಸಾಲಗಾರನು ಸಾಹುಕಾರನ ಕಟ್ಟೆಯ ಮೇಲೆ ಎಷ್ಟು ಅಂಚಿಗೆ ಕೂಡುವನು ಎಂಬುದನ್ನು ಕಂಡುಕೊಂಡನು. ಮೊದಲು ಬಣ್ಣವಿಲ್ಲದೆ ಬರಿಯ ಕಪ್ಪು ನೆರಳಾಗಿ ಬರೆದು, ಅಷ್ಟರಿಂದಲೇ ಆಳು ತಿಳಿಯುವನೋ ಎಂದು ಪರೀಕ್ಷಿಸುತ್ತಿದ್ದನು. ಈಗ ಮಾತಿನಲ್ಲಿ ಹೇಳಿದರೆ ಕ್ಷಣಾರ್ಧದಲ್ಲಿ ಚಿತ್ರ ಬರೆಯುವ ಯಂತ್ರಗಳೂ ಬಂದಿವೆ. ಇದರಿಂದ ಈ ಉದ್ಯೋಗದವರಿಗೆ ಅಂಜಿಕೆಯಿಲ್ಲದಿಲ್ಲ. ಅವನಿಗೂ ಅದು ಇತ್ತು. ಆದರೆ ಬಮ್ಮಿಗಟ್ಟಿಯ ಬದುವಿನಲ್ಲಿ ಅವನು ಕಂಡುದನ್ನು ಕಂಡವನು ಅವನೊಬ್ಬನೇ.

ಗಡುವು ಮುಗಿಯುವ ಹಿಂದಿನ ದಿನ, ಜನಪದ ಕಥೆಯೊಂದರ ಮಾಟಗಾತಿ ಮುದುಕಿಯ ಚಿತ್ರವನ್ನು ಅವನು ನಡುಮನೆಯಲ್ಲಿ ಒಣಗಲು ಇಟ್ಟಿದ್ದನು. ರೊಟ್ಟಿ ಬಡಿಯುತ್ತಿದ್ದ ತಾಯಿಯು ಎದ್ದು ಬಂದು ನೋಡಿ, “ಯಾರೋ ಇಕಿ? ನೋಡಿದ್ರ ಅಂಜಿಕಿ ಬರತೈತಿ. ಆದ್ರೂ ಪಾಪ, ಭಾಳ ದಿನಾ ಉಂಡಿಲ್ಲ ಕಾಣತೈತಿ” ಎಂದಳು. ಬಾಗಿಲಲ್ಲಿ ನಿಂತಿದ್ದ ತಂದೆಯು ಏನೂ ಆಡದೆ ಚಿತ್ರವನ್ನು ಬಹಳ ಹೊತ್ತು ನೋಡಿದನು. ಮರುದಿನ ಬೆಳಗಾಗುವ ಮುನ್ನ, ಮಗನನ್ನು ಎಬ್ಬಿಸದೆ, ತಾನೊಬ್ಬನೇ ಗದ್ದೆಗೆ ಹೋದನು.