ದಾದಿಯ ಮೂರು ಮಾತು

ಸುಖವಾಗಿರಬೇಕೆಂದರೆ ನಮ್ಮ ದಾದಿ ಹೇಳುವುದು ಮೂರೇ ಮಾತು: ಒಬ್ಬರೇ ಉಣ್ಣಬೇಡಿ, ಸಾಲ ಮರೆಯಬೇಡಿ, ಮಾತು ಬಿಟ್ಟರೆ ಮೂರು ದಿನ ದಾಟಿಸಬೇಡಿ. ಮೂರನೆಯದು ನಮ್ಮ ಪೈಗಂಬರರು ಕಲಿಸಿದ್ದು. ಇದರಲ್ಲಿ ಕಷ್ಟವೇನಿದೆ ಎಂದುಕೊಂಡಿದ್ದೆ.

ಕಳೆದ ತಿಂಗಳು ಅಕೌಂಟೆನ್ಸಿ ಕಿರುಪರೀಕ್ಷೆಯಲ್ಲಿ ನನಗೆ ಅಂಕ ಕಡಿಮೆ ಬಂದವು. ಅಣ್ಣ ಕಾರಣ ಕೇಳಿದ. "ಹತ್ತನೇ ಕ್ಲಾಸಿಗೇ ಬಿಟ್ಟವನು ನೀನು, ನಿನಗೇನು ಗೊತ್ತು?" ಎಂದುಬಿಟ್ಟೆ. ಅವನು ಏನೂ ಅನ್ನದೆ ಗೋಕುಲ ರಸ್ತೆಯ ಗ್ಯಾರೇಜಿಗೆ ಹೊರಟುಹೋದ. ಅಬ್ಬಾ ಹಾಸಿಗೆ ಹಿಡಿದಾಗ ಓದು ಬಿಟ್ಟವನು ಅವನು. ನನ್ನ ಫೀ ಕಟ್ಟುವವನೂ ಅವನೇ.

ಎರಡು ದಿನ ಒಂದೇ ಮನೆಯಲ್ಲಿದ್ದೂ ಮಾತಿಲ್ಲ. ಕ್ಲಾಸಿನಲ್ಲಿ ಸರ್ ಟ್ರಯಲ್ ಬ್ಯಾಲೆನ್ಸ್ ಹೇಳುತ್ತಿದ್ದರು: ಎರಡೂ ಬದಿ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಬಹುದು, ಆದರೆ ತಪ್ಪು ಹುಡುಕಿ ತಿದ್ದುವವರೆಗೆ ಮಾತ್ರ. ನನ್ನ ತಪ್ಪನ್ನು ಹುಡುಕುವ ಅಗತ್ಯವೇ ಇರಲಿಲ್ಲ.

ಮೂರನೆಯ ದಿನ ಸಂಜೆ ಡಬ್ಬಿ ಹಿಡಿದು ಗ್ಯಾರೇಜಿಗೆ ಹೋದೆ. ಗಾಡಿಗಳ ಸದ್ದಿನಲ್ಲಿ ನನ್ನ ಸಲಾಂ ನನಗೇ ಕೇಳಿಸಲಿಲ್ಲ. ಹತ್ತಿರ ಹೋಗಿ, "ಭಾಯ್, ನನ್ನದು ತಪ್ಪಾಯಿತು" ಎಂದೆ. ಕೈಗೆ ಹತ್ತಿದ ಆಯಿಲ್ ಒರೆಸಿಕೊಳ್ಳುತ್ತ ಅವನು ಕೇಳಿದ್ದು ಒಂದೇ: "ನೀನು ಊಟ ಮಾಡಿದೆಯಾ?" ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡೆವು.

ಗೆಳೆಯರೇ, ನಿಮಗೂ ಯಾರೊಂದಿಗಾದರೂ ಮಾತು ನಿಂತಿದ್ದರೆ ಇವತ್ತೇ ಮೊದಲು ಸಲಾಂ ಹೇಳಿ. ದಾದಿಯ ಎರಡು ಮಾತು ನಾನು ಆ ಸಂಜೆ ಪಾಲಿಸಿದೆ. ಅಣ್ಣನ ಸಾಲ ಬಾಕಿ ಇದೆ. ಅದನ್ನು ಮರೆತಿಲ್ಲ.